ಕೌಂಟರ್ ಮುಚ್ಚಿದ ಮೇಲೆ ಕಪ್ಪು ಬೋರ್ಡಿನ ಗಾಡಿ

ಬಾದಾಮಿಯ ಮೇಣಬಸದಿ ಗುಹೆಗಳ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಅರ್ಧ ತಾಸು ನಿಂತರೆ ಸಾಕು, ನಂಬರ್ ಪ್ಲೇಟಿನ ಬಣ್ಣ ನೋಡಿಯೇ ಪ್ರತಿ ಗಾಡಿಯ ಜಾತಕ ಹೇಳಬಹುದು. ಬಿಳಿ ಮೇಲೆ ಕಪ್ಪು ಅಕ್ಷರವಿದ್ದರೆ ಮನೆ ಬಳಕೆಯ ಗಾಡಿ. ಹಳದಿ ಮೇಲೆ ಕಪ್ಪು ಅಕ್ಷರವಿದ್ದರೆ ನನ್ನಂಥವನದು, ಡ್ರೈವರ್ ಸಹಿತ ಬಾಡಿಗೆಗೆ ಹೋಗುವುದು. ಕಪ್ಪು ಮೇಲೆ ಹಳದಿ ಅಕ್ಷರವಿದ್ದರೆ ಬಾಡಿಗೆ ಹಿಡಿದವರೇ ಓಡಿಸಿಕೊಂಡು ಬಂದದ್ದು. ಮೊದಮೊದಲು ಕಪ್ಪು ಬೋರ್ಡು ಕಂಡರೆ ನಮ್ಮ ಸ್ಟ್ಯಾಂಡಿನ ಹುಡುಗರು ಹತ್ತಿರ ಹೋಗಿ ನೋಡುತ್ತಿದ್ದರು. ಈಗ ತಿರುಗಿ ಸಹ ನೋಡುವುದಿಲ್ಲ. ಬೆಂಗಳೂರಿನಿಂದ ಅಂಥವು ಅಷ್ಟು ಬರುತ್ತವೆ.

ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ. ಎರಡು ಹಳದಿ ಬೋರ್ಡಿನ ಗಾಡಿಗಳಿವೆ, ಒಂದನ್ನು ಈಗಲೂ ನಾನೇ ಓಡಿಸುತ್ತೇನೆ. ಹಾಗಾಗಿ ಕಪ್ಪು ಬೋರ್ಡಿನ ಬಗ್ಗೆ ನಾನು ಹೇಳುವುದರಲ್ಲಿ ಹೊಟ್ಟೆಪಾಡಿನ ಪಕ್ಷಪಾತ ಕಂಡರೆ ಆಶ್ಚರ್ಯವಿಲ್ಲ. ಆದರೂ ಅದನ್ನು ತೆಗೆದುಕೊಳ್ಳಬೇಡಿ ಎನ್ನುವವನಲ್ಲ ನಾನು. ಮನೆಯವರಷ್ಟೇ ಕೂತು, ಐಹೊಳೆಯಲ್ಲಿ ಬೇಕಾದಷ್ಟು ಹೊತ್ತು ನಿಂತು, ಪಟ್ಟದಕಲ್ಲಿನಿಂದ ಮನಸ್ಸಾದಾಗ ಎದ್ದು ಹೋಗುವ ಸುಖ ಬೇರೆಯೇ. ತೊಂದರೆ ಇರುವುದು ಒಂದೇ ಕಡೆ, ಹೊತ್ತಲ್ಲದ ಹೊತ್ತಿನಲ್ಲಿ ವಾಪಸ್ ಕೊಡುವಾಗ.

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರವೆಂದರೆ ಹುಬ್ಬಳ್ಳಿ, ಇಲ್ಲವೆ ಬೆಳಗಾವಿಯ ಸಾಂಬ್ರಾ. ಹೊರದೇಶಕ್ಕೆ ಹಾರುವವರು ಬಹುಮಟ್ಟಿಗೆ ದೇವನಹಳ್ಳಿ ಹತ್ತಿರದ ಕೆಂಪೇಗೌಡ ನಿಲ್ದಾಣಕ್ಕೇ ಹೋಗುತ್ತಾರೆ. 2008ರಲ್ಲಿ ಅದು ಶುರುವಾದ ಮೇಲೆ ನಮಗೂ ರಾತ್ರಿ ಬಾಡಿಗೆಗಳು ಹೆಚ್ಚಾದವು, ಏಕೆಂದರೆ ಯುರೋಪಿನ ಕಡೆಯ, ಕೊಲ್ಲಿ ದೇಶಗಳ ಕಡೆಯ ಬಹಳಷ್ಟು ವಿಮಾನಗಳು ನಡುರಾತ್ರಿಯಿಂದ ನಸುಕಿನೊಳಗೆ ಹೊರಡುತ್ತವೆ. ಬಾಡಿಗೆ ಕಂಪನಿಯ ಕೌಂಟರಿನಲ್ಲಿ ಆ ಹೊತ್ತಿಗೆ ಮನುಷ್ಯರು ಇರುತ್ತಾರೆಂಬ ಖಾತ್ರಿ ಇಲ್ಲ. ಕೆಲವರ ಗಾಡಿ ಬಿಡುವ ಅಂಗಳ ನಿಲ್ದಾಣದ ಆವರಣದೊಳಗೇ ಇರುವುದಿಲ್ಲ, ಹೊರಗೆ ಎಲ್ಲೋ ಹೆದ್ದಾರಿ ಬದಿಗೆ ಇರುತ್ತದೆ. ಬುಕ್ ಮಾಡುವಾಗ ಜನ ದಿನದ ಬಾಡಿಗೆ ಎಷ್ಟೆಂದು ಕೇಳುತ್ತಾರೆ, ಎಷ್ಟು ಕಿಲೋಮೀಟರ್ ಉಚಿತವೆಂದು ಕೇಳುತ್ತಾರೆ, ರಾತ್ರಿ ಎರಡಕ್ಕೆ ಯಾರ ಕೈಗೆ ಕೊಡಬೇಕೆಂದು ಕೇಳುವುದಿಲ್ಲ.

ನಮ್ಮ ಬಾಡಿಗೆಯಲ್ಲಿ ಇದು ಗಿರಾಕಿಯ ತಲೆನೋವಲ್ಲ. ಅವರನ್ನು ಇಳಿಸಿ ಗಾಡಿ ತಿರುಗಿಸಿಕೊಂಡು ಬರುವವರು ನಾವು. "ಬಿಟ್ಟು ಬರೂದಕ್ಕ ಎರಡೂ ಕಡೀ ರೊಕ್ಕ ಯಾಕ್ರೀ?" ಎಂದು ತಕರಾರು ತೆಗೆಯುವವರಿಗೆ ಕಪ್ಪು ಬೋರ್ಡಿನ ಗಾಡಿಯನ್ನು ಒಮ್ಮೆ ನಸುಕಿನಲ್ಲಿ ವಾಪಸ್ ಕೊಟ್ಟರೆ ಉತ್ತರ ಸಿಗುತ್ತದೆ.

ಒಮ್ಮೆ ಇಳಕಲ್ಲಿನ ಒಂದು ಸೀರೆ ವ್ಯಾಪಾರದ ಮನೆಯ ಮದುವೆ ಮುಗಿದಿತ್ತು. ಜರ್ಮನಿಯಲ್ಲಿರುವ ಅವರ ಹಿರಿಯ ಅಳಿಯ ಬೆಂಗಳೂರಿನಲ್ಲಿ ಇಳಿದಾಗಲೇ ಕಪ್ಪು ಬೋರ್ಡಿನ ಗಾಡಿ ಹಿಡಿದು ಬಂದಿದ್ದರು. ಹೋಗುವಾಗ ಬೀಳ್ಕೊಡಲು ಅತ್ತೆ, ಮಾವ, ಮೈದುನ, ಜೊತೆಗೆ ಸೀರೆ, ಅಮೀನಗಡದ ಕರದಂಟು, ಖಡಕ್ ರೊಟ್ಟಿ ತುಂಬಿದ ಪೆಟ್ಟಿಗೆಗಳು. ಒಂದು ಗಾಡಿ ಸಾಲದೆ ನನ್ನನ್ನೂ ಕರೆದರು. ಮುಂದೆ ಅಳಿಯನ ಗಾಡಿ, ಹಿಂದೆ ನನ್ನದು.

ಹೊರಡುವ ಮೊದಲು ಅವರಿಗೆ ನಾನು ಹೇಳಿದ್ದು ಒಂದೇ: ಗಾಡಿ ತೊಳೆಸಿ. ನಗುತ್ತ, "ನಾಕ್ನೂರು ಕಿಲೋಮೀಟರ್ ಹೋದ್ರ ಮತ್ತ ಹೊಲಸಾಗ್ತೈತಲ್ರಿ ಅಣ್ಣಾರ" ಅಂದರು. ಮಾತು ಖರೆ. ಆದರೆ ತೊಳೆಸುವುದು ಚಂದಕ್ಕಲ್ಲ. ಬಾದಾಮಿ ಸುತ್ತಿನ ಕೆಂಪು ಧೂಳು ಕೂತ ಗಾಡಿಯ ಮೇಲೆ ಗೀರು ಕಾಣುವುದಿಲ್ಲ. ರಾತ್ರಿ ಬಿಟ್ಟು ಹೋದ ಗಾಡಿಯನ್ನು ಮರುದಿನ ಕಂಪನಿಯವರು ತೊಳೆದಾಗಲೇ ಅದು ಕಾಣುತ್ತದೆ. ಆಗ ನೀವು ಆಕಾಶದಲ್ಲಿರುತ್ತೀರಿ. ಜೊತೆಗೆ ಮೇಣಬಸದಿಯ ಮಂಗಗಳು. ಬಾನೆಟ್ಟಿನ ಮೇಲೆ ಕುಣಿಯುತ್ತವೆ, ವೈಪರ್ ಜಗ್ಗುತ್ತವೆ, ಕನ್ನಡಿಯಲ್ಲಿ ತಮ್ಮ ಮುಖ ಕಂಡು ಅದನ್ನೇ ಹೊಡೆಯುತ್ತವೆ. ಹಗಲು ಬೆಳಕಿನಲ್ಲಿ ತೊಳೆದ ಗಾಡಿಯ ನಾಲ್ಕೂ ಬದಿ ಫೋಟೊ ತೆಗೆದಿಟ್ಟುಕೊಂಡರೆ, ಗಾಡಿ ಪಡೆಯುವಾಗ ತೆಗೆದ ಫೋಟೊಗಳ ಪಕ್ಕ ಇಟ್ಟು ನೋಡಬಹುದು. ಆ ದಿನ ಇಟ್ಟು ನೋಡಿದಾಗ ಎಡಗಡೆ ಹಿಂಬಾಗಿಲಿನ ಗೀರು ಮೊದಲೇ ಇದ್ದದ್ದೆಂದು ತಿಳಿಯಿತು, ಅವರ ಹೆಂಡತಿಯ ಎದೆಬಡಿತ ಇಳಿಯಿತು.

ಕುಷ್ಟಗಿ, ಹಿಟ್ನಾಳ, ಹೊಸಪೇಟೆ ದಾಟಿ ಚಿತ್ರದುರ್ಗ. ಇಳಕಲ್ಲಿನ ಕೆಂಪು ಗ್ರಾನೈಟ್ ಬಂಡೆ ಹೊತ್ತ ಲಾರಿಗಳ ಹಿಂದೆ ರಾತ್ರಿ ಗಾಡಿ ಓಡಿಸುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಚಿತ್ರದುರ್ಗದ ಆಚೆ ಡಾಬಾದಲ್ಲಿ ಚಹಾಕ್ಕೆ ನಿಂತಾಗ ಅಳಿಯ ಚಾವಿ ಮುಂದೆ ಹಿಡಿದರು.

"ನಿದ್ದಿ ಬರಾಕತ್ತೈತ್ರಿ. ಈ ಗಾಡಿ ಸ್ವಲ್ಪ ನೀವ ಓಡಸ್ರಿ, ನಿಮ್ಮ ಗಾಡಿ ನಮ್ಮ ಮೈದುನ ತರ್ತಾನ."

"ಅದೊಂದು ಬ್ಯಾಡ್ರಿ. ನಿಮ್ಮ ಕರಾರಿನ್ಯಾಗ ನನ್ನ ಹೆಸರಿಲ್ಲ."

ಕರಾರು ಪತ್ರದಲ್ಲಿ ಯಾರ ಹೆಸರು, ಯಾರ ಲೈಸೆನ್ಸ್ ನಂಬರ್ ಬರೆದಿದೆಯೋ ಅವರೇ ಓಡಿಸಬೇಕು. ಬೇರೆಯವರ ಕೈಯಲ್ಲಿ ಅಪಘಾತವಾದರೆ ವಿಮೆಯ ರಕ್ಷಣೆ ಕೈಬಿಡಬಹುದು, ಪೂರ್ತಿ ನಷ್ಟ ಬಾಡಿಗೆ ಹಿಡಿದವರ ತಲೆಗೆ. ಎರಡನೆಯ ಚಾಲಕನ ಹೆಸರನ್ನು ಬುಕ್ ಮಾಡುವಾಗಲೇ ಸೇರಿಸಬೇಕು. ಆ ರಾತ್ರಿ ಅವರು ಸೀಟು ಹಿಂದಕ್ಕೆ ಒರಗಿಸಿ ಮಲಗಿದರು, ನಾವು ಕಾದೆವು. ವಿಮಾನಕ್ಕೆ ಸಮಯ ಇಟ್ಟುಕೊಂಡು ಹೊರಟಿದ್ದರಿಂದ ಅದು ಸಾಧ್ಯವಾಯಿತು.

ಡಾಬಸಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರು ನಗರದೊಳಗೆ ಸಿಕ್ಕಿಕೊಳ್ಳದೆ ದೇವನಹಳ್ಳಿ ಮುಟ್ಟಬಹುದು. ದಾರಿಯಲ್ಲಿ ಟ್ಯಾಂಕ್ ತುಂಬಿಸಿದೆವು. ತುಂಬಿಸಿ ಕೊಟ್ಟದ್ದನ್ನು ತುಂಬಿಸಿಯೇ ವಾಪಸ್ ಕೊಡಬೇಕೆಂಬ ಕರಾರಿದ್ದರೆ ಬಂಕಿನ ಬಿಲ್ಲು ಬಂಗಾರ. ಅದರಲ್ಲಿ ತಾರೀಖು, ಹೊತ್ತು, ಲೀಟರ್ ಎಲ್ಲ ಇರುತ್ತವೆ.

ಮೊದಲು ಎಲ್ಲರನ್ನೂ ಪೆಟ್ಟಿಗೆ ಸಮೇತ ನಿರ್ಗಮನ ದ್ವಾರದಲ್ಲಿ ಇಳಿಸಿದೆವು. ಗಾಡಿಯನ್ನು ಕೊಟ್ಟು ಆಮೇಲೆ ಪೆಟ್ಟಿಗೆ ಎಳೆದುಕೊಂಡು ಬರುವ ಸಾಹಸ ಮಕ್ಕಳೊಂದಿಗೆ ಬೇಡ. ನಂತರ ಕಂಪನಿಯ ಅಂಗಳಕ್ಕೆ ಹೋದರೆ ಕಚೇರಿ ಕತ್ತಲೆ. ಗೇಟಿನಲ್ಲಿ ಒಬ್ಬ ವಾಚ್‌ಮನ್. "ಕೀ ಇಟ್ಟು ಹೋಗಿ ಸಾರ್, ಬೆಳಿಗ್ಗೆ ನೋಡ್ಕೋತಾರೆ" ಎಂದ. ಪಾಪ, ಅವನ ತಪ್ಪೇನಿಲ್ಲ. ಆದರೆ ಗಾಡಿ ಮುಟ್ಟಿತೆಂದು ಬರೆದುಕೊಡುವ ಅಧಿಕಾರ ಅವನಿಗಿಲ್ಲ. ಗೋಡೆಯ ಮೇಲೆ ಚಾವಿ ಹಾಕುವ ಪೆಟ್ಟಿಗೆ ಇತ್ತು, ಅದರಲ್ಲಿ ಹಾಕಲು ಕಂಪನಿಯಿಂದ ಸಂದೇಶವೂ ಬಂದಿತ್ತು. ನಮ್ಮ ಕಡೆ ಹಿಂದಿನ ಟೈರಿನ ಮೇಲೆ ಚಾವಿ ಇಟ್ಟು ಫೋನಿನಲ್ಲಿ ಹೇಳಿಬಿಡುವ ರೂಢಿ ಇದೆ. ಮುಖಪರಿಚಯದ ಊರಿನಲ್ಲಿ ಅದು ನಡೆಯುತ್ತದೆ. ಕಂಪನಿಯ ಗಾಡಿಯಾದರೆ ಲಿಖಿತ ಸೂಚನೆ ಇಲ್ಲದೆ ಎಲ್ಲಿಯೂ ಚಾವಿ ಬಿಡಬಾರದು.

ಸ್ವೀಕರಿಸುವ ಮನುಷ್ಯನಿಲ್ಲದಾಗ ಸಾಕ್ಷಿಯನ್ನು ನಾವೇ ಹುಟ್ಟಿಸಿಕೊಳ್ಳಬೇಕು. ನಾನು ಬ್ಯಾಟರಿ ಹಿಡಿದೆ, ಅಳಿಯ ಮೊಬೈಲಿನಲ್ಲಿ ವಿಡಿಯೊ ತೆಗೆದರು, ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ. ಕಂಪನಿಯ ನಾಮಫಲಕದಿಂದ ಶುರು. ನಂಬರ್ ಪ್ಲೇಟು, ನಾಲ್ಕೂ ಬದಿ, ನಾಲ್ಕು ಗಾಲಿ, ಗಾಜು, ವೈಪರ್, ಟಾಪು. ಡಿಕ್ಕಿ ತೆಗೆದು ಸ್ಟೆಪ್ನಿ, ಜಾಕು. ಒಳಗೆ ಸೀಟುಗಳು (ಕರದಂಟಿನ ಅಂಟು ಹಿಂದಿನ ಸೀಟಿನಲ್ಲಿ ಇತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಯಿತು, ಸ್ವಚ್ಛತೆಯ ಶುಲ್ಕ ಬೇರೆ ಹಾಕುತ್ತಾರೆ). ಮೀಟರಿನಲ್ಲಿ ಓಡಿದ ಕಿಲೋಮೀಟರ್, ಪೆಟ್ರೋಲ್ ಮುಳ್ಳು. ಆಮೇಲೆ ಬಾಗಿಲು ಹಾಕಿ, ಹಿಡಿಕೆ ಜಗ್ಗಿ ತೋರಿಸಿ, ಚಾವಿ ಪೆಟ್ಟಿಗೆಯೊಳಗೆ ಬೀಳುವ ತನಕ. ಅಲ್ಲಿ ನಿಂತೇ ಕಂಪನಿಯ ನಂಬರಿಗೆ ಕಳಿಸಿದರು. ಮೊಬೈಲಿನಿಂದಲೇ ಬಾಗಿಲು ಹಾಕುವ ಗಾಡಿಯಾದರೆ ಇಷ್ಟೂ ಮಾಡಿ, ಪ್ರಯಾಣ ಮುಗಿಯಿತೆಂಬ ಸಂದೇಶ ಬಂದ ಮೇಲೆಯೇ ಅಲ್ಲಿಂದ ಕಾಲು ಕೀಳಬೇಕು. ಇನ್ನೊಂದು ಮಾತು: ಗಾಡಿಯ ಬ್ಲೂಟೂತ್‌ನಿಂದ ನಿಮ್ಮ ಫೋನಿನ ಹೆಸರು ಅಳಿಸಿ. ಇಲ್ಲವಾದರೆ ಬೀಗರ ಫೋನ್ ನಂಬರುಗಳು ಗಾಡಿಯಲ್ಲೇ ಉಳಿದು ಮುಂದಿನವರಿಗೆ ಸಿಗಬಹುದು.

ವಿಮಾನ ನಿಲ್ದಾಣದಲ್ಲಿ ಗಾಡಿ ಬಾಡಿಗೆಗೆ ಕೊಡುವುದು ಹೊಸದೇನಲ್ಲ. ಅಮೆರಿಕದ ವಾರನ್ ಏವಿಸ್ 1946ರಲ್ಲಿ ಡೆಟ್ರಾಯಿಟ್ ಬಳಿಯ ವಿಲ್ಲೊ ರನ್ ವಿಮಾನ ನಿಲ್ದಾಣದಲ್ಲಿ ಶುರು ಮಾಡಿದ ವ್ಯಾಪಾರ ಇವತ್ತಿಗೂ ಅವರ ಹೆಸರಿನಲ್ಲಿದೆ. ಅಲ್ಲೆಲ್ಲ ಚಾವಿ ಪೆಟ್ಟಿಗೆ ಮಾಮೂಲು. ಆದರೆ ಅಲ್ಲಿಯ ಅನೇಕ ಕರಾರುಗಳಲ್ಲೂ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಕಚೇರಿ ತೆರೆದು ಸಿಬ್ಬಂದಿ ಗಾಡಿ ನೋಡುವ ತನಕ ಜವಾಬ್ದಾರಿ ಗ್ರಾಹಕರದೇ. ರಾತ್ರಿ ಎರಡಕ್ಕೆ ಚಾವಿ ಹಾಕಿ, ಮುಂಜಾನೆ ನಾಲ್ಕಕ್ಕೆ ಯಾರೋ ಗುದ್ದಿ ಹೋದರೆ ಲೆಕ್ಕ ನಿಮ್ಮದು. ನನಗೆ ಇದು ನ್ಯಾಯವೆನಿಸುವುದಿಲ್ಲ. ರಾತ್ರಿ ಪಾಳಿಗೆ ಒಬ್ಬನನ್ನು ಇಡುವ ಸಂಬಳ ಉಳಿಸುವವರು ಅವರು, ನಿದ್ದೆಗೆಡುವವರು ನಾವು. ಆದರೂ ಸಹಿ ಮಾಡಿದ ಮೇಲೆ ನಮ್ಮ ನ್ಯಾಯ ಯಾರು ಕೇಳುತ್ತಾರೆ?

ಸ್ವಲ್ಪ ಕಾನೂನು ಹೇಳಿಬಿಡುತ್ತೇನೆ. ಗಾಡಿಗಳನ್ನು ಹೀಗೆ ಬಾಡಿಗೆ ಕೊಡಲು 1988ರ ಮೋಟಾರು ವಾಹನ ಕಾಯ್ದೆಯ 75ನೇ ಕಲಂ ಅಡಿ 1989ರಲ್ಲಿ ಯೋಜನೆಯೊಂದು ಬಂತು. ಅದರ ಪ್ರಕಾರ ಲೈಸೆನ್ಸ್ ಬೇಕಾದರೆ ಕಡಿಮೆಯೆಂದರೆ 50 ಗಾಡಿಗಳಿರಬೇಕು. ಅಂದರೆ ನನ್ನಂಥ ಎರಡು ಗಾಡಿಯವನು ಕಪ್ಪು ಬೋರ್ಡು ಹಾಕುವ ಮಾತೇ ಇಲ್ಲ. "ಗೆಳೆಯಾಂದು ಬಿಳಿ ಬೋರ್ಡಿನ ಗಾಡಿ ಐತಿ, ಸೋವಿ ಬಾಡಿಗಿ" ಎಂದು ಯಾರಾದರೂ ಕೊಟ್ಟರೆ ಅದು ಅಕ್ರಮ. ಏನಾದರೂ ಆದರೆ ವಿಮಾ ಕಂಪನಿ ಬಾಗಿಲು ಹಾಕಿಕೊಳ್ಳುತ್ತದೆ. ವಿಮಾನಕ್ಕೆ ಓಡುವ ಗಡಿಬಿಡಿಯಲ್ಲಿ ಅಂಥ ಗಾಡಿಯನ್ನು ಯಾರದೋ ಕೈಗೆ ಕೊಟ್ಟು ಹೋಗುವುದನ್ನು ನೆನೆಸಿದರೆ ನನಗೇ ಬೆವರು ಬರುತ್ತದೆ.

ಇಳಕಲ್ಲಿನ ಅಳಿಯನ ಲೆಕ್ಕ ಮರುದಿನ ಚುಕ್ತಾ ಆಗಲಿಲ್ಲ. ಟೋಲ್ ಹಣ ಗಾಡಿಗೆ ಅಂಟಿಸಿದ ಫಾಸ್ಟ್ಯಾಗ್‌ನಿಂದ ಹೋಗುತ್ತದೆ. 2021ರ ಫೆಬ್ರುವರಿಯಿಂದ ಅದು ಕಡ್ಡಾಯವಾದ ಮೇಲೆ ಕಂಪನಿಗಳು ಅದನ್ನು ಕೊನೆಗೆ ಠೇವಣಿಯಲ್ಲಿ ಹಿಡಿಯುತ್ತವೆ. ಮುಂಜಾನೆ ಕಂಪನಿಯಿಂದ ಅವರ ಮಾವನಿಗೆ ಫೋನು ಬಂತು, ಎಡಗಡೆ ಬಾಗಿಲಿನ ಗೀರಿನ ಬಗ್ಗೆ. ಮಾವ ನನಗೆ ಫೋನು ಮಾಡಿದರು. ಗಾಡಿ ಪಡೆದ ದಿನದ ಫೋಟೊ ಕಳಿಸಿ ಅಂದೆ. ಕಳಿಸಿದರು, ತಕರಾರು ಅಲ್ಲಿಗೆ ನಿಂತಿತು, ಠೇವಣಿಯೂ ಟೋಲ್ ಹಿಡಿದುಕೊಂಡು ವಾಪಸಾಯಿತು.

ಅದಾದ ಎಷ್ಟೋ ದಿನಕ್ಕೆ ವೇಗದ ದಂಡದ ನೋಟಿಸು ಬಂತು. ಕ್ಯಾಮೆರಾ ಹಿಡಿದ ದಂಡ ಮೊದಲು ಹೋಗುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಅಲ್ಲಿಂದ ಬಾಡಿಗೆ ಹಿಡಿದವರಿಗೆ. ನೋಟಿಸಿನ ಮೇಲಿದ್ದ ಹೊತ್ತು, ಚಾವಿ ಪೆಟ್ಟಿಗೆಗೆ ಬಿದ್ದದ್ದಕ್ಕಿಂತ ಹಿಂದಿನದು. ಚಿತ್ರದುರ್ಗದ ಈಚೆಗಿನದು. ಅಳಿಯ ಕಟ್ಟಿದರು. ಅದೇ ಹೊತ್ತಿಗೆ ಅವರ ಹಿಂದೆಯೇ ಇದ್ದ ನನಗೆ ಯಾವ ನೋಟಿಸೂ ಬರಲಿಲ್ಲವೇಕೆ ಎಂದು ಅವರ ಮೈದುನ ಕೇಳಿದ. ನಾನು ಎಂಬತ್ತರ ಮೇಲೆ ಓಡಿಸುವವನಲ್ಲ, ನಿಮ್ಮ ಭಾವನವರನ್ನು ಡಾಬಾದಲ್ಲಿ ಹುಡುಕಿಕೊಂಡು ಹೋಗಬೇಕಾಯಿತಲ್ಲ ಎಂದೆ.