ಕ್ರಿಪ್ಟೊ ವ್ಯಾಲೆಟ್ಟಿನ ಕೆಲವು ತೊಡಕುಗಳು

ವ್ಯಾಲೆಟ್ ಎಂಬ ಹೆಸರೇ ಮೊದಲನೆಯ ತೊಡಕು. ಆ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಷರಾಯಿಯ ಜೇಬಿನಲ್ಲಿರುವ ಚರ್ಮದ ಚೀಲ. ಅದರಲ್ಲಿ ತಿಂಗಳ ಮೊದಲ ವಾರ ನೋಟುಗಳೂ, ಕೊನೆಯ ವಾರ ಬಸ್ಸಿನ ಪಾಸೂ ಇರುತ್ತವೆ. ಬಿಟ್‌ಕಾಯಿನ್, ಈಥರ್ ಮೊದಲಾದ ಕ್ರಿಪ್ಟೊ ನಾಣ್ಯಗಳ ವ್ಯಾಲೆಟ್ಟಿನಲ್ಲಿಯಾದರೋ ನಾಣ್ಯವೇ ಇರುವುದಿಲ್ಲ. ಯಾರ ಪಾಲಿಗೆ ಎಷ್ಟು ನಾಣ್ಯ ಎಂಬ ಲೆಕ್ಕವು ಲೋಕದಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಏಕರೀತಿಯಾಗಿ ಬರೆದಿಟ್ಟ ಒಂದು ಪುಸ್ತಕದಲ್ಲಿದೆ. ಇದೇ ಬ್ಲಾಕ್‌ಚೈನ್. ವ್ಯಾಲೆಟ್ಟಿನಲ್ಲಿರುವುದು ಆ ಪುಸ್ತಕದ ನಮ್ಮ ಪುಟದಿಂದ ಹಣ ತೆಗೆಯಲು ಬೇಕಾದ ಗುಪ್ತಕೀಲಿ ಮಾತ್ರ.

ನಮ್ಮ ಶೇಷಾದ್ರಿಪುರಂ ಅಂಚೆ ಕಚೇರಿಯ ಗೋಡೆಯ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆಗಳ ಸಾಲೊಂದಿದೆಯೆಂದು ಊಹಿಸಿಕೊಳ್ಳಿ. ಪೆಟ್ಟಿಗೆಯ ಸಂಖ್ಯೆ ಗೊತ್ತಿದ್ದವರೆಲ್ಲ ಅದರೊಳಕ್ಕೆ ಹಣ ಹಾಕಬಹುದು. ಹಾದುಹೋಗುವವರೆಲ್ಲ ಒಳಗೆಷ್ಟಿದೆ ಎಂದು ನೋಡಬಹುದು. ಆದರೆ ತೆಗೆಯುವವನು ಕೀಲಿಯುಳ್ಳವನೊಬ್ಬನೇ. ಸಂಖ್ಯೆಗೆ ವಿಳಾಸವೆಂದು ಹೆಸರು. ಅಂಚೆ ಉಳಿತಾಯ ಖಾತೆಯ ಪಾಸ್‌ಬುಕ್ಕು ಕಳೆದರೆ ಅರ್ಜಿ ಕೊಟ್ಟು ಇನ್ನೊಂದನ್ನು ಪಡೆಯಬಹುದು; ಇಲ್ಲಿ ಅರ್ಜಿ ತೆಗೆದುಕೊಳ್ಳುವ ಪೋಸ್ಟ್‌ಮಾಸ್ತರರೇ ಇಲ್ಲ.

ಕಾಣುವುದು ಬೇರೆ, ಕೈಯಲ್ಲಿರುವುದು ಬೇರೆ ಎಂಬುದಕ್ಕೆ ನಮ್ಮ ನಗರದಲ್ಲಿಯೇ ಒಂದು ನಿದರ್ಶನ ನಡೆದಿದೆ. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಹ್ಯಾಕಿಂಗ್ ಪ್ರಕರಣವೊಂದರ ಆರೋಪಿಯಿಂದ 31 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡುದಾಗಿ ಪ್ರಕಟಿಸಿದರು. ಅವುಗಳ ಅಂದಿನ ಬೆಲೆ ಸುಮಾರು 9 ಕೋಟಿ ರೂಪಾಯಿ. ಅದೇ ವರ್ಷದ ನವೆಂಬರಿನಲ್ಲಿ ಪೊಲೀಸರೇ ಕೊಟ್ಟ ವಿವರಣೆ ಸ್ವಾರಸ್ಯವಾಗಿದೆ. ನಾಣ್ಯಗಳನ್ನು ಇಲಾಖೆಯ ವ್ಯಾಲೆಟ್ಟಿಗೆ ವರ್ಗಾಯಿಸಲು ಹೋದಾಗ ಅಲ್ಲಿ 31ರ ಬದಲು 186ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳು ಕಂಡುವಂತೆ. ತಜ್ಞರು ಪರಿಶೀಲಿಸಲಾಗಿ, ಆರೋಪಿ ತನ್ನದೆಂದು ತೋರಿಸಿದ್ದುದು ಯಾವುದೋ ವಿನಿಮಯ ಸಂಸ್ಥೆಯ ಚಾಲ್ತಿ ವ್ಯಾಲೆಟ್ಟೆಂದೂ, ಅದರ ಗುಪ್ತಕೀಲಿ ಆತನಲ್ಲಿರಲೇ ಇಲ್ಲವೆಂದೂ ತಿಳಿದುಬಂತು. ಗಾಜಿನ ಪೆಟ್ಟಿಗೆಯನ್ನು ತೋರಿಸಿ ‘ಇದು ನನ್ನದು’ ಎನ್ನುವುದಕ್ಕೆ ಕೀಲಿ ಬೇಕಾಗಿಲ್ಲವಷ್ಟೆ.

ಆದುದರಿಂದ ಏನೇ ತೊಡಕು ಬಂದರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕೀಲಿ ಯಾರ ಬಳಿ ಇದೆ ಎಂಬುದು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ವ್ಯಾಲೆಟ್ ಎಂದು ಕರೆಯುವುದು ವಿನಿಮಯ ಸಂಸ್ಥೆ, ಎಂದರೆ ಎಕ್ಸ್‌ಚೇಂಜಿನ ಖಾತೆಯನ್ನು. ಅಲ್ಲಿ ಕೀಲಿ ಸಂಸ್ಥೆಯದು. ನಮಗಿರುವುದು ಲಾಗಿನ್ನು ಮತ್ತು ಒಂದು ಭರವಸೆ. ಲಾಗಿನ್ ಮರೆತರೆ ಓಟಿಪಿಯಿಂದಲೋ ಗುರುತಿನ ಚೀಟಿಯಿಂದಲೋ ಮತ್ತೆ ಒಳಹೋಗಬಹುದು, ಇದು ಅನುಕೂಲ. ಬಾಗಿಲನ್ನು ಅವರು ಮುಚ್ಚಿದರೆ ನಾವು ಹೊರಗೆ, ಇದು ಅನನುಕೂಲ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಇಂಥ ವ್ಯವಹಾರಗಳಿಗೆ ಬ್ಯಾಂಕುಗಳು ಸೇವೆ ಒದಗಿಸಕೂಡದೆಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಯುನೊಕಾಯಿನ್ ಸಂಸ್ಥೆ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ನಗದು ಯಂತ್ರವೊಂದನ್ನು ಇಟ್ಟು ನೋಡಿತು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು. ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಮುಂದೆ 2024ರ ಜುಲೈ 18ರಂದು ವಜೀರ್‌ಎಕ್ಸ್ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರುಗಳಷ್ಟು ನಾಣ್ಯ ಕಳುವಾದಾಗ, ತಪ್ಪೇನನ್ನೂ ಮಾಡದ ಗ್ರಾಹಕರ ಖಾತೆಗಳೂ ಸ್ತಬ್ಧವಾದುವು. ಇಂಥ ತೊಡಕಿಗೆ ನಮ್ಮ ಮೊಬೈಲಿನಲ್ಲಿ ಮಾಡಬಹುದಾದ ರಿಪೇರಿ ಯಾವುದೂ ಇಲ್ಲ. ಸಂಸ್ಥೆಗೆ ಲಿಖಿತ ದೂರು ಕೊಟ್ಟು, ಖಾತೆಯ ವಿವರಗಳ ಪ್ರತಿ ಇಟ್ಟುಕೊಂಡು ಕಾಯುವುದಷ್ಟೆ.

ಕೀಲಿ ನಮ್ಮ ಕೈಯಲ್ಲಿಯೇ ಇರುವ ವ್ಯಾಲೆಟ್ಟಿನ ಮಾತು ಬೇರೆ. ಇಲ್ಲಿ ತೊಡಕುಗಳು ಹೆಚ್ಚು, ಪರಿಹಾರಗಳೂ ಹೆಚ್ಚು.

ಎಲ್ಲಕ್ಕಿಂತ ಹೆಚ್ಚಾಗಿ ಎದೆ ಧಸಕ್ಕೆನಿಸುವುದು ಶೇಷ ಸೊನ್ನೆಯೆಂದು ತೋರಿದಾಗ. ಆಗ ವ್ಯಾಲೆಟ್ಟಿನ ಮುಖವನ್ನು ನೋಡುವುದನ್ನು ಬಿಟ್ಟು, ಲೆಕ್ಕದ ಪುಸ್ತಕವನ್ನೇ ನೋಡಬೇಕು. ಬ್ಲಾಕ್ ಎಕ್ಸ್‌ಪ್ಲೋರರ್ ಎಂಬ ತಾಣಗಳಲ್ಲಿ ವಿಳಾಸವನ್ನು ಹಾಕಿದರೆ ಅಲ್ಲಿರುವ ಹಣ ಕಾಣುತ್ತದೆ; ವಿಳಾಸ ತೋರಿಸುವುದರಿಂದ ಹಣಕ್ಕೆ ಅಪಾಯವಿಲ್ಲ. ಹಣ ಅಲ್ಲಿದ್ದು ವ್ಯಾಲೆಟ್ಟಿನಲ್ಲಿ ಕಾಣದಿದ್ದರೆ ಕೆಟ್ಟಿರುವುದು ಕನ್ನಡಕ, ಗಂಟಲ್ಲ. ವ್ಯಾಲೆಟ್ ಇನ್ನೂ ಜಾಲದೊಡನೆ ಲೆಕ್ಕ ಸರಿದೂಗಿಸಿಕೊಳ್ಳುತ್ತಿರಬಹುದು. ಇಥೀರಿಯಮ್ ಜಾಲದ ಟೋಕನ್ನುಗಳಾದರೆ ಆ ಟೋಕನ್ನನ್ನು ಪಟ್ಟಿಗೆ ಸೇರಿಸಿರಲಾರದು. ಅದೇ ವಿಳಾಸ ಪಾಲಿಗಾನ್ ಮೊದಲಾದ ಸೋದರ ಜಾಲಗಳಲ್ಲಿಯೂ ಸಲ್ಲುವುದರಿಂದ, ಹಣ ಒಂದು ಜಾಲದಲ್ಲಿದ್ದು ನಾವು ಇನ್ನೊಂದನ್ನು ನೋಡುತ್ತಿರಬಹುದು. ಹಳೆಯ ವ್ಯಾಲೆಟ್ಟನ್ನು ಹೊಸ ಆ್ಯಪಿನಲ್ಲಿ ತೆರೆದಾಗ ಇನ್ನೊಂದು ಸೂಕ್ಷ್ಮವಿದೆ: ಬಿಟ್‌ಕಾಯಿನ್ ವಿಳಾಸಗಳು ಕೆಲವು 1ರಿಂದ, ಕೆಲವು 3ರಿಂದ, ಈಚಿನವು ‘ಬಿಸಿ1’ ಎಂದು ಆರಂಭವಾಗುತ್ತವೆ. ಒಂದೇ ಕೀಲಿಗೊಂಚಲಿನಿಂದ ಈ ಮೂರು ಬಗೆಯ ವಿಳಾಸಗಳನ್ನೂ ಹೊರಡಿಸಬಹುದು. ಆ್ಯಪು ಒಂದು ಬಗೆಯನ್ನು ಮಾತ್ರ ಹುಡುಕಿ ‘ಇಲ್ಲ’ ಎಂದುಬಿಡುತ್ತದೆ. ಸೆಟ್ಟಿಂಗಿನಲ್ಲಿ ಬಗೆಯನ್ನು ಬದಲಾಯಿಸಿದರೆ ಹಣ ಕಾಣಿಸಿಕೊಳ್ಳುತ್ತದೆ.

ಇನ್ನು ಸೀಡ್ ಪದಗಳ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ವ್ಯಾಲೆಟ್ಟನ್ನು ಮೊದಲು ತೆರೆದಾಗ ಅದು 12 ಅಥವಾ 24 ಪದಗಳನ್ನು ತೋರಿಸಿ ಬರೆದುಕೊಳ್ಳಲು ಹೇಳುತ್ತದೆ. ಕೀಲಿಗಳೆಲ್ಲ ಹುಟ್ಟುವುದು ಈ ಪದಗಳಿಂದ. ಮೊಬೈಲು ಕಳೆಯಲಿ, ಮುರಿಯಲಿ, ಆ್ಯಪ್ ಅಳಿಸಿಹೋಗಲಿ, ಪದಗಳಿದ್ದರೆ ಇನ್ನೊಂದು ಮೊಬೈಲಿನಲ್ಲಿ ಎಲ್ಲವೂ ಮರಳುತ್ತದೆ. 2013ರಲ್ಲಿ ರೂಪುಗೊಂಡು ಈಗ ಬಹುಪಾಲು ವ್ಯಾಲೆಟ್ಟುಗಳು ಅನುಸರಿಸುವ ಕ್ರಮದಂತೆ ಈ ಪದಗಳು 2048 ಪದಗಳ ಗೊತ್ತಾದ ಪಟ್ಟಿಯೊಂದರಿಂದ ಬರುತ್ತವೆ. ‘ಅಬ್ಯಾಂಡನ್’ ಎಂಬುದು ಅದರ ಮೊದಲ ಪದ, ‘ಝೂ’ ಕೊನೆಯದು. ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗದಂತೆ ಆರಿಸಲಾಗಿದೆ. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಝೆಕ್ ಭಾಷೆಗಳಲ್ಲಿಯೂ ಇಂಥ ಪಟ್ಟಿಗಳಿವೆ. ಕನ್ನಡದಲ್ಲಿಲ್ಲ. ನಮ್ಮಲ್ಲಿ ಎರಡು ಸಾವಿರ ಸರಳ ಪದಗಳಿಗೆ ಬರಗಾಲವೇನೂ ಇಲ್ಲ. ಪಟ್ಟಿ ಮಾಡಿದವರಿಲ್ಲ ಅಷ್ಟೆ.

ಕನ್ನಡ ಮಾಧ್ಯಮದಿಂದ ಬಂದ ನಮ್ಮ ಸಹಪಾಠಿಗಳು ಕೆಲವರು ಆ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಕಳ್ಳನಿಗೆ ಅರ್ಥವಾಗದಿರಲಿ ಎಂಬ ಜಾಣತನವೂ ಇದರಲ್ಲಿ ಸ್ವಲ್ಪ ಇರುತ್ತದೆ. ಆದರೆ ‘ರೈಟ್’ ಎಂದು ಬರೆದಿಟ್ಟುಕೊಂಡವನು ಆರು ತಿಂಗಳ ಮೇಲೆ ಏನೆಂದು ಓದಬೇಕು? ‘ಸರಿ’ ಎಂಬ ಅರ್ಥದ ಪದವೂ ಪಟ್ಟಿಯಲ್ಲಿದೆ, ‘ಬರೆ’ ಎಂಬ ಅರ್ಥದ ಪದವೂ ಇದೆ. ಕನ್ನಡ ಬರಹದಲ್ಲಿ ಎರಡೂ ಒಂದೇ. ಆದ್ದರಿಂದ ಪದಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿಯೇ, ಕ್ರಮಸಂಖ್ಯೆ ಹಾಕಿ ಬರೆಯುವುದು ಲೇಸು. ವ್ಯಾಲೆಟ್ ಪದಗಳನ್ನು ಒಪ್ಪದಿದ್ದರೆ ಮೊದಲು ನೋಡಬೇಕಾದುದು ಇಂಥ ಕಾಗುಣಿತವನ್ನು, ಆಮೇಲೆ ಕ್ರಮವನ್ನು. ಎಲೆಕ್ಟ್ರಮ್ ಎಂಬ ವ್ಯಾಲೆಟ್ಟಿನ ಪದಗಳು ತನ್ನದೇ ಆದ ಬೇರೆ ಕ್ರಮದವು. ಅವನ್ನು ಇತರ ವ್ಯಾಲೆಟ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

12 ಪದಗಳಲ್ಲಿ ಒಂದು ಮಾತ್ರ ಅಳಿಸಿಹೋಗಿದ್ದು, ಅದರ ಸ್ಥಾನ ಗೊತ್ತಿದ್ದರೆ 2048 ಪದಗಳನ್ನೂ ಒಂದೊಂದಾಗಿ ಇಟ್ಟು ನೋಡಬಹುದು. ಪದಗಳೊಳಗೇ ತಾಳೆ ನೋಡುವ ಲೆಕ್ಕವೊಂದು ಅಡಗಿರುವುದರಿಂದ ಹದಿನಾರಕ್ಕೆ ಒಂದರಂತೆ ಸುಮಾರು 128 ಮಾತ್ರ ಉಳಿಯುತ್ತವೆ. ಎಲ್ಲ ಪದಗಳೂ ಇದ್ದು ಕ್ರಮ ಮಾತ್ರ ತಪ್ಪಿದ್ದರೆ 47,90,01,600 ಜೋಡಣೆಗಳಾಗುತ್ತವೆ. ಕಂಪ್ಯೂಟರಿಗೆ ಇದೂ ಅಸಾಧ್ಯವಲ್ಲ. ಎಲ್ಲ ಪದಗಳೂ ಹೋದರೆ ಹುಡುಕಬೇಕಾದ ಸಂಖ್ಯೆ 39 ಅಂಕಿಗಳದು. ಆ ಪ್ರಯತ್ನವನ್ನು ಕೈಬಿಡುವುದೇ ಮೇಲು. ಮೇಲಿನ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಡುತ್ತದೆ: ಒಂದು ಪದ ತಪ್ಪಾಗಿದ್ದರೂ ಹದಿನಾರರಲ್ಲಿ ಒಂದು ಸಲ ವ್ಯಾಲೆಟ್ ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ತೆರೆದದ್ದು ಬೇರೊಂದು ಬರಿದಾದ ವ್ಯಾಲೆಟ್. ಪದಗಳ ಜೊತೆಗೆ ಹೆಚ್ಚಿನ ಗುಪ್ತಪದವೊಂದನ್ನು ಇಟ್ಟುಕೊಂಡವರಿಗೂ ಇದೇ ಅವಸ್ಥೆ. ಅದರಲ್ಲಿ ಒಂದು ಅಕ್ಷರ ತಪ್ಪಿದರೂ ಯಂತ್ರ ‘ತಪ್ಪು’ ಎನ್ನುವುದಿಲ್ಲ, ಬೇರೊಂದು ಖಾಲಿ ಮನೆಯ ಬಾಗಿಲನ್ನು ತೆರೆದು ನಿಲ್ಲುತ್ತದೆ.

ಕಳುಹಿಸಿದ ಹಣ ‘ಪೆಂಡಿಂಗ್’ ಎಂದು ನಿಂತುಬಿಡುವುದು ಮತ್ತೊಂದು ದೂರು. ಬಿಟ್‌ಕಾಯಿನ್ ಪುಸ್ತಕಕ್ಕೆ ಸರಾಸರಿ ಹತ್ತು ನಿಮಿಷಕ್ಕೊಂದು ಹಾಳೆ ಸೇರುತ್ತದೆ. ಹಾಳೆಯಲ್ಲಿ ಜಾಗ ಮಿತವಾದುದು. ಬರೆಯುವವರು ಹೆಚ್ಚು ಶುಲ್ಕ ಕೊಟ್ಟವರನ್ನು ಮೊದಲು ಸೇರಿಸುತ್ತಾರೆ. ಮಳೆಗಾಲದ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ನಿಂತು ಶೇಷಾದ್ರಿಪುರಕ್ಕೆ ಆಟೋ ಕರೆದವರಿಗೆ ಈ ನ್ಯಾಯವನ್ನು ವಿವರಿಸಬೇಕಾಗಿಲ್ಲ: ಒಂದೂವರೆ ಮೀಟರು ಎಂದವನು ಹತ್ತುತ್ತಾನೆ, ಮೀಟರಿನಷ್ಟೇ ಕೊಡುತ್ತೇನೆಂದವನು ನೆನೆಯುತ್ತಾನೆ. ನೆನೆಯುತ್ತಿರುವವನಿಗೆ ದಾರಿಗಳು ಎರಡು. ವ್ಯಾಲೆಟ್ಟಿನಲ್ಲಿ ಅನುಕೂಲವಿದ್ದರೆ ಅದೇ ವ್ಯವಹಾರವನ್ನು ಹೆಚ್ಚು ಶುಲ್ಕದೊಡನೆ ಮತ್ತೆ ಕಳುಹಿಸುವುದು. ಇಲ್ಲವೆ ಸುಮ್ಮನೆ ಕಾಯುವುದು. ಸಾಮಾನ್ಯ ಏರ್ಪಾಡಿನಂತೆ 14 ದಿನವಾದರೂ ಹಾಳೆಗೆ ಸೇರದ ವ್ಯವಹಾರವನ್ನು ಜಾಲದ ಕಂಪ್ಯೂಟರುಗಳು ಮರೆತುಬಿಡುತ್ತವೆ, ಹಣ ಕಳುಹಿಸಿದವನಲ್ಲಿಯೇ ಇರುತ್ತದೆ. ಅಷ್ಟು ಕಾಲವೂ ಅದು ಎಲ್ಲಿಗೂ ಹೋಗಿರುವುದಿಲ್ಲ. ಇಥೀರಿಯಮ್ಮಿನಲ್ಲಿ ಒಬ್ಬನ ವ್ಯವಹಾರಗಳಿಗೆಲ್ಲ ಕ್ರಮಸಂಖ್ಯೆಯಿದೆ. 7ನೆಯದು ನಿಂತರೆ 8, 9 ಹೊರಡುವಂತಿಲ್ಲ. 7ನೆಯ ಸಂಖ್ಯೆಯಲ್ಲಿಯೇ ತನ್ನ ವಿಳಾಸಕ್ಕೇ ಸೊನ್ನೆ ಹಣವನ್ನು ಹೆಚ್ಚು ಶುಲ್ಕ ಕೊಟ್ಟು ಕಳುಹಿಸಿದರೆ ಗಂಟು ಬಿಡುತ್ತದೆ. ಟೋಕನ್ ಬೇಕಾದಷ್ಟಿದ್ದೂ ಕಳುಹಿಸಲಾಗದಿದ್ದರೆ, ಶುಲ್ಕಕ್ಕೆ ಬೇಕಾದ ಈಥರ್ ಇಲ್ಲವೆಂದು ತಿಳಿಯಬೇಕು.

ತಪ್ಪು ವಿಳಾಸಕ್ಕೆ ಹೋದ ಹಣಕ್ಕೆ ಮಾತ್ರ ಮದ್ದಿಲ್ಲ. ಅಕ್ಷರವೊಂದು ತಪ್ಪಿದರೆ ವ್ಯಾಲೆಟ್ಟೇ ಸಾಮಾನ್ಯವಾಗಿ ಕಂಡುಹಿಡಿಯುತ್ತದೆ. ಅಪಾಯವಿರುವುದು ಸರಿಯಾಗಿರುವ ಬೇರೆಯವರ ವಿಳಾಸದಲ್ಲಿ. ನಕಲು ಮಾಡಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಬದಲಾಯಿಸಿಬಿಡುವ ದುಷ್ಟ ತಂತ್ರಾಂಶಗಳಿವೆ. ನಮ್ಮ ಪರಿಚಿತ ವಿಳಾಸದಂತೆಯೇ ಮೊದಲೂ ಕೊನೆಯೂ ಇರುವ ಇನ್ನೊಂದರಿಂದ ಚಿಲ್ಲರೆ ಕಳುಹಿಸಿ, ಪಟ್ಟಿಯಲ್ಲಿ ಕುಳಿತು ಕಾಯುವವರೂ ಇದ್ದಾರೆ. ಹಳೆಯ ಪಟ್ಟಿಯಿಂದ ವಿಳಾಸ ಎತ್ತಬಾರದು, ನಡುವಿನ ಅಕ್ಷರಗಳನ್ನೂ ನೋಡಬೇಕು, ಮೊದಲು ಸಣ್ಣ ಮೊತ್ತವನ್ನು ಕಳುಹಿಸಿ ನೋಡಬೇಕು.

ಇಷ್ಟು ಹೇಳಿದ ಮೇಲೆ ಒಂದು ಮಾತು. ಈ ತೊಡಕುಗಳಿಂದ ನಷ್ಟವಾಗುವುದು ಕಡಮೆ. ತೊಡಕು ಬಂದಾಗ ಬರುವ ಸಹಾಯಕರಿಂದ ಆಗುವುದು ಹೆಚ್ಚು. ನೆಹರು ವೃತ್ತದ ಬಳಿ ಪಿ.ಜಿ.ಯಲ್ಲಿದ್ದ ಮಿತ್ರನೊಬ್ಬ ಮನೆಪಾಠ ಹೇಳಿ ಕೂಡಿಸಿದ 18 ಸಾವಿರ ರೂಪಾಯಿಗಳಷ್ಟು ನಾಣ್ಯದಲ್ಲಿ ಒಂದಿಷ್ಟನ್ನು ಕಳುಹಿಸಿದ್ದ. ಅದು ಪೆಂಡಿಂಗ್ ಎಂದು ನಿಂತಿತು. ಟೆಲಿಗ್ರಾಮ್ ಗುಂಪೊಂದರಲ್ಲಿ ವಿಚಾರಿಸಿದ. ‘ಸಪೋರ್ಟ್’ ಎಂಬ ಹೆಸರಿನವನೊಬ್ಬ ಬಹು ಮರ್ಯಾದೆಯಿಂದ, ವ್ಯಾಲೆಟ್ಟನ್ನು ಊರ್ಜಿತಗೊಳಿಸಬೇಕೆಂದು ಹೇಳಿ ಒಂದು ಪುಟವನ್ನು ಕಳುಹಿಸಿದ. ಪುಟ 12 ಪದಗಳನ್ನು ಕೇಳಿತು, ಇವನು ಕೊಟ್ಟ. ಕಾಫಿ ಮುಗಿಯುವುದರೊಳಗೆ ಉಳಿದ ನಾಣ್ಯವೆಲ್ಲ ಖಾಲಿ. ನಿಂತಿದ್ದ ವ್ಯವಹಾರ ಅಂದು ರಾತ್ರಿ ತಾನಾಗಿಯೇ ಮುಗಿಯಿತು. ಅಪ್ಪನಿಗೆ ಹೇಳುವುದು ಹೇಗೆಂದು ಅವನು ಒಂದು ವಾರ ಊರಿಗೇ ಹೋಗಲಿಲ್ಲ.

2018ರ ಡಿಸೆಂಬರಿನಲ್ಲಿ ಎಲೆಕ್ಟ್ರಮ್ ಬಳಕೆದಾರರಿಗೆ ಆದ ಮೋಸವೂ ಇದೇ ಜಾತಿಯದು. ಹಣ ಕಳುಹಿಸಹೋದವರಿಗೆ ದೋಷಸೂಚನೆಯ ರೂಪದಲ್ಲಿ ‘ಹೊಸ ಆವೃತ್ತಿ ಹಾಕಿಕೊಳ್ಳಿ’ ಎಂಬ ಕೊಂಡಿ ಬರುತ್ತಿತ್ತು. ಹಾಕಿಕೊಂಡದ್ದು ಕಳ್ಳ ವ್ಯಾಲೆಟ್ಟಾಗಿತ್ತು.

ಮೇಲೆ ಹೇಳಿದ ರಿಪೇರಿಗಳಲ್ಲಿ ಪದಗಳನ್ನು ಇನ್ನೊಬ್ಬರಿಗೆ ತಿಳಿಸಬೇಕಾದುದು ಒಂದೂ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಪದಗಳು ಬೇರೆಯವರ ಕಣ್ಣಿಗೆ ಬಿದ್ದುವೆಂದು ಸಂಶಯ ಬಂದರೆ ಆ್ಯಪಿನ ಪಾಸ್‌ವರ್ಡ್ ಬದಲಾಯಿಸಿ ಪ್ರಯೋಜನವಿಲ್ಲ. ಪಾಸ್‌ವರ್ಡ್ ಈ ಮೊಬೈಲಿನ ಚಿಲಕ ಮಾತ್ರ. ಹೊಸ ಪದಗಳ ಹೊಸ ವ್ಯಾಲೆಟ್ ಮಾಡಿ ಹಣವನ್ನು ಕೂಡಲೆ ಅಲ್ಲಿಗೆ ಸಾಗಿಸಬೇಕು. ಹಣ ಹೋಗಿಯೇ ಹೋದರೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು; ಕಳ್ಳನು ನಾಣ್ಯವನ್ನು ಯಾವುದಾದರೂ ಎಕ್ಸ್‌ಚೇಂಜಿಗೆ ತಂದಿದ್ದರೆ ಅಲ್ಲಿ ತಡೆಯಲು ಅವಕಾಶವಿರುತ್ತದೆ. ಪದಗಳ ಚೀಟಿಯನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸುವವರನ್ನೂ, ಅದಕ್ಕಾಗಿ ಅಂಗಡಿಯವನ ವಾಟ್ಸ್ಯಾಪಿಗೆ ಚಿತ್ರ ಕಳುಹಿಸುವವರನ್ನೂ ಈ ಲೇಖಕ ಕಂಡಿದ್ದಾನೆ. ಕೈಯಿಂದ ಎರಡು ಪ್ರತಿ ಬರೆಯಲು ಐದು ನಿಮಿಷ ಸಾಕು. ಒಂದು ನಮ್ಮಲ್ಲಿ, ಇನ್ನೊಂದು ಊರಿನ ಮನೆಯ ಬೀರುವಿನಲ್ಲಿ.

ಇನ್ನುಳಿದದ್ದು, ಎಕ್ಸ್‌ಚೇಂಜಿನಲ್ಲಿ ಮಾರಿದ ಹಣ ಸ್ವಲ್ಪ ಕಡಮೆ ಬಂತೆಂಬ ದೂರು. ಅದು ಕಳುವಲ್ಲ. 2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ನೂರಕ್ಕೆ ಒಂದರಂತೆ ತೆರಿಗೆ ಮುರಿದುಕೊಳ್ಳುವ ನಿಯಮ ಬಂದಿದೆ. ಸಂಸ್ಥೆಯ ಶುಲ್ಕ ಅದರ ಮೇಲೆ. ಮುರಿದ ತೆರಿಗೆ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೆ ಎಂಬುದನ್ನು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ನೋಡಬಹುದು.