ಹೊಸ ಆವೃತ್ತಿಯ ಹೊರೆ ಯಾರ ಹೆಗಲಿಗೆ?

ಪ್ರೋಗ್ರಾಮಿಂಗ್ ಭಾಷೆಯೊಂದರ ಹೊಸ ಆವೃತ್ತಿ ಬಂತೆಂದರೆ ಅದರಲ್ಲಿ ಏನೇನು ಸೇರಿದೆ ಎಂದು ನಾವು ಮೊದಲು ನೋಡುತ್ತೇವೆ. ಅದನ್ನು ಕಟ್ಟುವವರನ್ನು ಕಾಡುವ ಪ್ರಶ್ನೆ ಬೇರೆ: ಈ ಬದಲಾವಣೆಯಿಂದ ಯಾರಿಗೆ ಲಾಭ, ಅದರ ಖರ್ಚು ಯಾರದು? ಈಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿಗೆ ಭಾಷೆ ಸರಳವಾಗಿರಬೇಕು. ಹತ್ತು ವರ್ಷದ ಹಿಂದಿನ ತಂತ್ರಾಂಶವನ್ನು ನೆಚ್ಚಿಕೊಂಡ ಕಚೇರಿಗೆ ಏನೂ ಬದಲಾಗಬಾರದು. ದತ್ತಾಂಶದ ರಾಶಿಯ ಮುಂದೆ ಕೂತ ವಿಜ್ಞಾನಿಗೆ ವೇಗ ಬೇಕು. ಲೈಬ್ರರಿ ಬರೆದು ಹಂಚುವವರಿಗೆ ಒಂದೇ ಕೋಡ್ ಹಳೆಯದರಲ್ಲೂ ಹೊಸದರಲ್ಲೂ ಓಡಬೇಕು. ಎಲ್ಲರ ಬೇಡಿಕೆಯೂ ನ್ಯಾಯವಾದದ್ದೇ, ಆದರೆ ಎಲ್ಲವನ್ನೂ ಒಂದೇ ಸಲಕ್ಕೆ ಈಡೇರಿಸಲಾಗದು. ಈ ತೂಗಾಟ ಹೇಗೆ ನಡೆಯುತ್ತದೆ ಎಂಬುದಕ್ಕೆ ಪೈಥಾನ್ ಒಳ್ಳೆಯ ಉದಾಹರಣೆ.

ಸರಿಯಾದ ತಿದ್ದುಪಡಿ, ಭಾರಿ ಬೆಲೆ

ಗೀಡೋ ವಾನ್ ರಾಸಮ್ ಪೈಥಾನನ್ನು ಮೊದಲು ಹೊರತಂದದ್ದು 1991ರಲ್ಲಿ. ಬಳಕೆ ಬೆಳೆದಂತೆ ಆರಂಭದ ಕೆಲವು ಆಯ್ಕೆಗಳು ತೊಡಕಾದವು. ದೊಡ್ಡ ತೊಡಕು ಪಠ್ಯದ್ದು. ಪೈಥಾನ್ 2ರಲ್ಲಿ ಸಾಮಾನ್ಯ ಸ್ಟ್ರಿಂಗ್ ಎಂದರೆ ಬರೀ ಬೈಟುಗಳ ಸಾಲು. ಯುಟಿಎಫ್-8ರಲ್ಲಿ 'ಕನ್ನಡ' ಎಂದು ಬರೆದು ಅದರ ಉದ್ದ ಕೇಳಿದರೆ 15 ಎಂಬ ಉತ್ತರ ಬರುತ್ತಿತ್ತು. ಮೊದಲ ಅಕ್ಷರ ಕೊಡು ಎಂದರೆ 'ಕ'ದ ಮೂರು ಬೈಟುಗಳಲ್ಲಿ ಮೊದಲನೆಯದಷ್ಟೇ ಕೈಗೆ ಬರುತ್ತಿತ್ತು. ಯೂನಿಕೋಡ್ ಸ್ಟ್ರಿಂಗ್ ಬೇಕಾದರೆ ಮುಂದೆ 'ಯು' ಎಂಬ ಇಂಗ್ಲಿಷ್ ಅಕ್ಷರ ಹಚ್ಚಬೇಕಿತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಇದನ್ನು ಬುಡದಿಂದಲೇ ಸರಿಪಡಿಸಿತು. ಅಲ್ಲಿ ಅದೇ ಪದದ ಉದ್ದ 5: ಕ, ನ, ಹಲಂತ ಚಿಹ್ನೆ, ನ, ಡ. ಇಂಗ್ಲಿಷಿನ ಆಚೆಗೆ ಕೆಲಸ ಮಾಡುವ ಎಲ್ಲರಿಗೂ ಇದು ದೊಡ್ಡ ಉಪಕಾರ.

ಆದರೆ ಅದರ ಬೆಲೆ ತೆತ್ತವರು ಹಳೆಯ ಕೋಡ್ ಉಳ್ಳವರು. ಅದೇ ಆವೃತ್ತಿಯಲ್ಲಿ ಪ್ರಿಂಟ್ ಆದೇಶಕ್ಕೆ ಆವರಣ ಚಿಹ್ನೆ ಕಡ್ಡಾಯವಾಯಿತು. ಪೂರ್ಣಾಂಕಗಳ ಭಾಗಾಕಾರವೂ ಬದಲಾಯಿತು. 3ನ್ನು 2ರಿಂದ ಭಾಗಿಸಿದರೆ ಮೊದಲು 1 ಬರುತ್ತಿತ್ತು, ಈಗ 1.5. ಈ ಎರಡು ಬದಲಾವಣೆಗಳ ತೂಕ ಒಂದೇ ಅಲ್ಲ. ಪ್ರಿಂಟ್ ತಪ್ಪಾಗಿದ್ದರೆ ಪ್ರೋಗ್ರಾಂ ಓಡುವುದೇ ಇಲ್ಲ, ತಪ್ಪಿದ ಸಾಲು ಕಣ್ಣೆದುರೇ ಇರುತ್ತದೆ. ಭಾಗಾಕಾರ ಬದಲಾದರೆ ಪ್ರೋಗ್ರಾಂ ಸುಮ್ಮನೆ ಓಡಿ ಬೇರೆ ಉತ್ತರ ಕೊಡುತ್ತದೆ. ಒಂದು ಬದಲಾವಣೆ ಎಷ್ಟು ಸಾಲುಗಳನ್ನು ಮುರಿಯುತ್ತದೆ ಎಂದು ಎಣಿಸಿದರೆ ಸಾಲದು, ಮುರಿದದ್ದು ಬಳಕೆದಾರರಿಗೆ ಗೊತ್ತಾಗುತ್ತದೆಯೇ ಎಂದೂ ಕೇಳಬೇಕು. ಈ ಅಪಾಯ ತಿಳಿದೇ 2001ರ ಪೈಥಾನ್ 2.2ರಲ್ಲಿ ಹೊಸ ಭಾಗಾಕಾರವನ್ನು ಬೇಕಾದವರು ಆಯ್ದುಕೊಳ್ಳುವ ಅವಕಾಶ ಕೊಟ್ಟಿದ್ದರು.

ಹಳೆಯ ಕೋಡನ್ನು ಹೊಸದಕ್ಕೆ ತಿರುಗಿಸುವ ಸಾಧನವೂ ಇತ್ತು. ಎಲ್ಲರೂ ಒಂದು ಸಲ ತಿರುಗಿಸಿಕೊಂಡು ಮುಂದೆ ಸಾಗುತ್ತಾರೆ ಎಂಬುದು ಯೋಜಕರ ಎಣಿಕೆ. ನಡೆದದ್ದೇ ಬೇರೆ. ಲೈಬ್ರರಿಗಳು ಬರುವ ತನಕ ಅವನ್ನು ನಂಬಿದ ತಂತ್ರಾಂಶ ಬರಲಾಗದು. ಬಳಕೆದಾರರು ಇನ್ನೂ ಹಳೆಯದರಲ್ಲಿರುವಾಗ ಲೈಬ್ರರಿಗಳು ಹಳೆಯದನ್ನು ಕೈಬಿಡಲಾಗದು. ವೆಬ್ ತಾಣಗಳನ್ನು ಕಟ್ಟುವ ಜಾಂಗೋ, ಪೈಥಾನ್ 3ಕ್ಕೆ ಪ್ರಾಯೋಗಿಕ ಬೆಂಬಲ ಕೊಟ್ಟದ್ದೇ 2013ರಲ್ಲಿ. ಎರಡರಲ್ಲೂ ಓಡುವ ಒಂದೇ ಕೋಡ್ ಎಲ್ಲರ ನಿಜವಾದ ಅಗತ್ಯವಾಗಿತ್ತು. ಅದನ್ನು ಅರಿತು 2012ರ ಪೈಥಾನ್ 3.3ರಲ್ಲಿ, ತೆಗೆದುಹಾಕಿದ್ದ ಆ 'ಯು' ಅಕ್ಷರವನ್ನು ಮರಳಿ ತಂದರು. ಹೊಸ ಭಾಷೆಗೆ ಅದರಿಂದ ಏನೂ ಉಪಯೋಗವಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದ್ದವರಿಗೆ ಮಾತ್ರ ಅದು ಆಸರೆ. ಪೈಥಾನ್ 2.7ರ ಬೆಂಬಲವನ್ನೂ 2015ರಿಂದ 2020ಕ್ಕೆ ಮುಂದೂಡಿದರು.

2021ರ ಏಪ್ರಿಲ್

ಈ ಪಾಠ ಕೆಲಸಕ್ಕೆ ಬಂದದ್ದು ಪೈಥಾನ್ 3.10ರ ಹೊತ್ತಿಗೆ. ಪೈಥಾನಿನಲ್ಲಿ ಒಂದು ಹೆಸರಿನ ಪಕ್ಕದಲ್ಲಿ ಅದು ಯಾವ ಬಗೆಯ ಮೌಲ್ಯ ಎಂಬ ಟಿಪ್ಪಣಿ ಬರೆಯಬಹುದು: ವಯಸ್ಸು ಪೂರ್ಣಾಂಕ, ಹೆಸರು ಸ್ಟ್ರಿಂಗ್, ಹೀಗೆ. ಪ್ರೋಗ್ರಾಂ ಓಡುವ ಮೊದಲೇ ಇವನ್ನು ಓದಿ ತಪ್ಪು ಹುಡುಕುವ ಸಾಧನಗಳಿವೆ. ಅಂಥ ಬಳಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಟಿಪ್ಪಣಿಗಳನ್ನು ಲೆಕ್ಕಹಾಕದೆ ಬರೀ ಪಠ್ಯವಾಗಿ ಇಟ್ಟುಕೊಳ್ಳುವ ಕ್ರಮವನ್ನು 2018ರ ಪೈಥಾನ್ 3.7ರಲ್ಲಿ ಐಚ್ಛಿಕವಾಗಿ ತಂದಿದ್ದರು. 3.10ರಲ್ಲಿ ಅದು ಎಲ್ಲರಿಗೂ ಅನ್ವಯವಾಗಬೇಕಿತ್ತು.

ಅಷ್ಟರಲ್ಲಿ ಟಿಪ್ಪಣಿಗಳಿಗೆ ಇನ್ನೊಂದು ಬಳಕೆ ಹಬ್ಬಿತ್ತು. ಪೈಡಾಂಟಿಕ್, ಫಾಸ್ಟ್‌ಎಪಿಐ ಎಂಬ ಲೈಬ್ರರಿಗಳು ಪ್ರೋಗ್ರಾಂ ಓಡುತ್ತಿರುವಾಗಲೇ ಈ ಟಿಪ್ಪಣಿಗಳನ್ನು ಓದಿ, ಹೊರಗಿನಿಂದ ಬಂದ ದತ್ತಾಂಶ ಸರಿಯಿದೆಯೇ ಎಂದು ಪರೀಕ್ಷಿಸುತ್ತವೆ. ಟಿಪ್ಪಣಿ ಬರೀ ಪಠ್ಯವಾಗಿಬಿಟ್ಟರೆ, ಉದಾಹರಣೆಗೆ ಫಂಕ್ಷನ್ನಿನ ಒಳಗೆ ಹುಟ್ಟಿದ ಹೆಸರು ಯಾವುದನ್ನು ಸೂಚಿಸುತ್ತದೆ ಎಂದು ಆಮೇಲೆ ಪತ್ತೆಹಚ್ಚಲು ಅವಕ್ಕೆ ಆಗದೆ ಹೋಗಬಹುದು. ಲೈಬ್ರರಿಯವರು ದನಿಯೆತ್ತಿದ್ದು ಏಪ್ರಿಲ್‌ನಲ್ಲಿ. ಬೀಟಾ ಬಿಡುಗಡೆ, ಅಂದರೆ ಹೊಸ ಅಂಶಗಳಿಗೆ ಬಾಗಿಲು ಮುಚ್ಚುವ ಘಟ್ಟ, ಇದ್ದದ್ದು ಮೇ ತಿಂಗಳ ಆರಂಭದಲ್ಲಿ.

ಪೈಥಾನಿನ ಐವರು ಸದಸ್ಯರ ಸ್ಟೀರಿಂಗ್ ಕೌನ್ಸಿಲ್ ಮುಂದೆ ಎರಡು ಪಕ್ಷಗಳಿದ್ದವು. ಯೋಜನೆ ಮೊದಲೇ ಪ್ರಕಟವಾಗಿತ್ತು, ಹಾಗಾಗಿ ಮುಂದುವರಿಯುವುದು ಅನ್ಯಾಯವೇನಲ್ಲ. ಮುಂದುವರಿದರೆ ಮಾತ್ರ ಈ ಲೈಬ್ರರಿಗಳನ್ನು ನಂಬಿದವರ ಕೆಲಸ ಕೆಡುತ್ತದೆ. ಕೌನ್ಸಿಲ್ ನೋಡಿದ್ದು ತಡಮಾಡಿದರೆ ಆಗುವ ನಷ್ಟವನ್ನು. ಹೊಸ ಕ್ರಮ ಬೇಕಾದವರು ಈಗಾಗಲೇ ಅದನ್ನು ಒಂದು ಸಾಲು ಬರೆದು ಬಳಸಬಹುದಿತ್ತು. ಎಂದರೆ ಕಾಯುವವರಿಗೆ ಆಗುವ ನಷ್ಟ ಅಲ್ಪ, ಕೆಡುವವರಿಗೆ ಆಗುವ ನಷ್ಟ ದೊಡ್ಡದು. ಬದಲಾವಣೆಯನ್ನು ಮುಂದೂಡಿದರು. ಆ ವರ್ಷದ ಅಕ್ಟೋಬರಿನಲ್ಲಿ 3.10 ಅದಿಲ್ಲದೆಯೇ ಬಂತು. 2025ರ ಅಕ್ಟೋಬರಿನ 3.14ರಲ್ಲಿ ಬೇರೊಂದು ಪರಿಹಾರ ಬಂತು: ಟಿಪ್ಪಣಿಯನ್ನು ಯಾರಾದರೂ ಕೇಳಿದಾಗ ಮಾತ್ರ ಲೆಕ್ಕಹಾಕುವುದು. ಎರಡೂ ಬಗೆಯ ಬಳಕೆದಾರರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ವಿನ್ಯಾಸ ಅದು.

ತೂಗುವ ಕ್ರಮ

ಇಂಥ ತೀರ್ಮಾನಗಳಿಗೆ ಈಗ ಒಂದು ಚೌಕಟ್ಟು ಇದೆ. 3.9ರಿಂದ ಈಚೆಗೆ ಪ್ರತಿ ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ. ಈ ಸಲ ತಪ್ಪಿದ್ದು ಮುಂದಿನ ವರ್ಷ ಸೇರಬಹುದು ಎಂದಾದರೆ ಅವಸರದ ಒತ್ತಡ ತಗ್ಗುತ್ತದೆ. ಹಳೆಯದೊಂದನ್ನು ತೆಗೆಯುವ ಮುನ್ನ ಸಾಮಾನ್ಯವಾಗಿ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಡಬೇಕೆಂಬ ನಿಯಮವಿದೆ. ಏಕಕಾಲದಲ್ಲಿ ಹಲವು ಎಳೆಗಳು ಪೈಥಾನ್ ಕೋಡ್ ಓಡಿಸದಂತೆ ತಡೆಯುವ 'ಗಿಲ್' ಬೀಗವನ್ನು ತೆಗೆಯುವ ಕೆಲಸವನ್ನೂ ಹಾಗೆಯೇ ಹಂತಹಂತವಾಗಿ ಕೈಗೆತ್ತಿಕೊಂಡಿದ್ದಾರೆ. 2024ರ 3.13ರಲ್ಲಿ ಬೀಗವಿಲ್ಲದ ಪೈಥಾನ್ ಪ್ರತ್ಯೇಕವಾದ ಪ್ರಾಯೋಗಿಕ ರೂಪದಲ್ಲಿ ಬಂತು, ಬೇಡದವರಿಗೆ ಅದರ ಗೊಡವೆಯಿಲ್ಲ.

2017ರಿಂದ ಪೈಥಾನ್ ಬಳಸುವವರ ಸಮೀಕ್ಷೆಯೂ ನಡೆಯುತ್ತಿದೆ. ಅದರಿಂದ ಅಪೇಕ್ಷೆಗಳು ತಿಳಿಯುತ್ತವೆ. ಆದರೆ ಭಾಷೆಯ ಬಗ್ಗೆ ಆಸಕ್ತಿಯುಳ್ಳವರು ಸಮೀಕ್ಷೆಗೆ ಉತ್ತರಿಸುವ ಸಾಧ್ಯತೆ ಹೆಚ್ಚು. ತನ್ನ ಕೆಲಸ ತಾನು ಮಾಡಿಕೊಂಡು ಓಡುತ್ತಿರುವ ಕೋಡಿನ ಒಡೆಯ ಏನೂ ಕೇಳುವುದಿಲ್ಲ, ಅವನ ಬೇಡಿಕೆ ಯಾವ ಪಟ್ಟಿಯಲ್ಲೂ ಮೂಡುವುದಿಲ್ಲ. ಆದ್ದರಿಂದ ಕೈಯೆತ್ತಿದವರನ್ನು ಎಣಿಸಿ ಆದ್ಯತೆ ಗೊತ್ತುಮಾಡುವುದು ಸರಿಯಾದ ದಾರಿಯಲ್ಲ. ಖರ್ಚು ಯಾರ ಪಾಲಿಗೆ ಬರುತ್ತದೆ, ಅದು ಅವರಿಗೆ ಮುಂಚಿತವಾಗಿ ಕಾಣಿಸುತ್ತದೆಯೇ, ತಡಮಾಡಿದರೆ ಉಳಿದವರು ಏನನ್ನು ಕಳೆದುಕೊಳ್ಳುತ್ತಾರೆ ಎಂದು ಒಂದೊಂದು ಬದಲಾವಣೆಗೂ ಕೇಳಬೇಕು.

ಇದರಲ್ಲಿ ಬಳಸುವವರ ಪಾಲೂ ಇದೆ. ಮೇ ತಿಂಗಳಿನಿಂದ ಅಕ್ಟೋಬರಿನ ತನಕ ಬೀಟಾ ಮತ್ತು ಅಂತಿಮ ಪರೀಕ್ಷಾ ಆವೃತ್ತಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನಮ್ಮ ಕೋಡನ್ನು ಅವುಗಳಲ್ಲಿ ಒಮ್ಮೆ ಓಡಿಸಿ ಕೆಟ್ಟದ್ದನ್ನು ತಿಳಿಸುವುದು ಕಷ್ಟದ ಕೆಲಸವಲ್ಲ. 2021ರಲ್ಲಿ ಆ ಲೈಬ್ರರಿಯವರು ಒಂದು ತಿಂಗಳು ಸುಮ್ಮನಿದ್ದಿದ್ದರೆ ಕೌನ್ಸಿಲಿಗೆ ತೂಗಿನೋಡುವ ಅವಕಾಶ ಸಿಗುವುದೇ ಕಷ್ಟವಾಗುತ್ತಿತ್ತು.