ಭಂಡಾರ ರೋಗ ಮತ್ತು ಜವೆಗೋಧಿ: ಪೈರಿನ ಮೈಯಲ್ಲಿ ನಿಯಂತ್ರಿತ ಕೋಶಮರಣ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆಹೊಲಗಳು ಹಿಂಗಾರಿ ಬೆಳೆಗೆ ಹೆಸರಾದವು. ಬಿಳಿಜೋಳ, ಕಡಲೆ, ಕುಸುಬಿ, ಗೋಧಿಗಳನ್ನು ಬೆಳೆಯುತ್ತ ಬಂದ ಇಲ್ಲಿಯ ಒಕ್ಕಲುತನವು ಬೆಳೆಗಳ ರೋಗಗಳಿಗೂ ತನ್ನದೇ ಹೆಸರುಗಳನ್ನು ಕೊಟ್ಟಿದೆ. ಗೋಧಿಯ ತುಕ್ಕು ರೋಗಕ್ಕೆ ಉತ್ತರ ಕರ್ನಾಟಕದಲ್ಲಿ 'ಭಂಡಾರ ರೋಗ' ಎನ್ನುತ್ತಾರೆ. ರೋಗ ತಗುಲಿದ ಎಲೆಯನ್ನು ಮುಟ್ಟಿದರೆ ಕೈಗೆ ಹಳದಿಗೆಂಪು ಹುಡಿ ಹತ್ತುತ್ತದೆ. ಮೈಲಾರಲಿಂಗನ, ಎಲ್ಲಮ್ಮನ ಭಕ್ತರು ಹಣೆಗೆ ಹಚ್ಚಿಕೊಳ್ಳುವ ಭಂಡಾರದ ನೆನಪು ಈ ಹೆಸರಿನ ಹಿಂದಿದೆ. ಬೂದಿ ರೋಗ, ಕಾಡಿಗೆ ರೋಗಗಳೂ ಹೀಗೆಯೇ ಮನೆಯ, ಜಗುಲಿಯ ವಸ್ತುಗಳಿಂದ ಹುಟ್ಟಿದ ಹೆಸರುಗಳು. ಇವೆಲ್ಲವೂ ರೋಗದ ತೋರಿಕೆಯನ್ನು ಹೇಳುತ್ತವೆ. ರೋಗವನ್ನು ತಡೆಯಲು ಪೈರು ತಾನೇ ಮಾಡುವ ಕೆಲಸವು ಈ ಹೆಸರುಗಳಲ್ಲಿ ಬಂದಿಲ್ಲ. ಆ ಕೆಲಸವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ತುಕ್ಕು ರೋಗವನ್ನು ತರುವ ಶಿಲೀಂಧ್ರವು ಜೀವಂತ ಕೋಶಗಳಿಂದ ಮಾತ್ರ ಆಹಾರ ಪಡೆಯಬಲ್ಲದು. ಗಾಳಿಯಲ್ಲಿ ಬಂದ ಅದರ ಕಣವು ಪತ್ರರಂಧ್ರದ ಮೂಲಕ ಒಳಹೊಕ್ಕು, ಕೋಶದೊಳಗೆ ಹೀರುಬೇರನ್ನು ಇಳಿಸುತ್ತದೆ. ಆ ಕೋಶ ಸತ್ತರೆ ಶಿಲೀಂಧ್ರಕ್ಕೆ ಅನ್ನವಿಲ್ಲ. ನಿರೋಧಕ ತಳಿಯಲ್ಲಿ ನಡೆಯುವುದು ಇದೇ: ಸೋಂಕು ತಗುಲಿದ ಕೆಲವು ಕೋಶಗಳು ತಾವಾಗಿಯೇ ಬೇಗನೆ ಸಾಯುತ್ತವೆ, ಎಲೆಯ ಮೇಲೆ ಹುಡಿಯಿಲ್ಲದ ಚಿಕ್ಕ ಒಣಚುಕ್ಕೆ ಮಾತ್ರ ಉಳಿಯುತ್ತದೆ. ಅಮೆರಿಕದ ಇ. ಸಿ. ಸ್ಟಾಕ್‌ಮನ್ 1915ರಲ್ಲಿ ಇದನ್ನು 'ಅತಿಸಂವೇದನೆ' ಎಂದು ಕರೆದರು. ರೋಗವನ್ನು ಗೆಲ್ಲುವ ಗಿಡದ ಕೋಶವೇ ರೋಗಕ್ಕೆ ಹೆಚ್ಚು ನಾಜೂಕಾಗಿರುವುದು ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ.

ಈ ಶೋಧದ ಚರಿತ್ರೆಯಲ್ಲಿ ನಮ್ಮ ಭಾಗದ ಧಾನ್ಯಕ್ಕೂ ಪಾಲಿದೆ. ಹುಗ್ಗಿ, ಮಾದಲಿ, ಶಾವಿಗೆಗಳಿಗೆ ಒದಗುವ, ಕುಟ್ಟಿದ ಹೊರತು ಹೊಟ್ಟು ಬಿಡದ ಜವೆಗೋಧಿಯನ್ನು ಮರಾಠಿಯಲ್ಲಿ 'ಖಪ್ಲಿ' ಎನ್ನುತ್ತಾರೆ. ಭಾರತದಿಂದ ಅಮೆರಿಕಕ್ಕೆ ಹೋದ ಖಪ್ಲಿಯ ಒಂದು ಮಾದರಿಯನ್ನು ಸ್ಟಾಕ್‌ಮನ್ ಮತ್ತು ಲೆವಿನ್ 1922ರಲ್ಲಿ, ಕಾಂಡದ ತುಕ್ಕಿನ ಪ್ರಭೇದಗಳನ್ನು ಗುರುತಿಸುವ 12 ಪರೀಕ್ಷಾ ತಳಿಗಳಲ್ಲಿ ಸೇರಿಸಿದರು. ಆ ಬೀಜ ರೋಣದ ಹೊಲದಿಂದಲೇ ಹೋಯಿತೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಅದು ನಮ್ಮ ಜವೆಗೋಧಿಯ ಕುಲದ್ದು. ಖಪ್ಲಿಯಲ್ಲಿರುವ 'ಎಸ್‌ಆರ್ 13' ಎಂಬ ನಿರೋಧಕ ಜೀನನ್ನು 2017ರಲ್ಲಿ ಬೇರ್ಪಡಿಸಿ ಓದಲಾಯಿತು. 1999ರಲ್ಲಿ ಉಗಾಂಡಾದಿಂದ ವರದಿಯಾಗಿ ಜಗತ್ತಿನ ಗೋಧಿಗೆ ಭೀತಿ ತಂದ 'ಯುಜಿ 99' ತುಕ್ಕಿನ ವಿರುದ್ಧವೂ ಈ ಜೀನು ಕೆಲಸ ಮಾಡುತ್ತದೆ.

ಇಂಥ ಜೀನುಗಳು ರೂಪಿಸುವ ಪ್ರೋಟೀನುಗಳು ಕೋಶದೊಳಗಿನ ಕಾವಲುಗಾರರು. ಶಿಲೀಂಧ್ರವು ಗಿಡವನ್ನು ವಶಪಡಿಸಿಕೊಳ್ಳಲು ಒಳಬಿಡುವ ತನ್ನ ಪ್ರೋಟೀನುಗಳನ್ನು ಇವು ಗುರುತಿಸುತ್ತವೆ. ಗೋಧಿಯ ಇನ್ನೊಂದು ನಿರೋಧಕ ಪ್ರೋಟೀನಾದ 'ಎಸ್‌ಆರ್ 35'ರ ರಚನೆಯು 2022ರಲ್ಲಿ ಸ್ಪಷ್ಟವಾಯಿತು. ವೈರಿಯನ್ನು ಹಿಡಿದ ಐದು ಕಾವಲುಗಾರರು ಒಟ್ಟುಗೂಡಿ ಗಾಲಿಯಂಥ ಆಕಾರ ತಾಳಿ, ಕೋಶಪೊರೆಯಲ್ಲಿ ಕ್ಯಾಲ್ಸಿಯಂ ನುಗ್ಗುವ ದಾರಿಯನ್ನು ತೆರೆಯುತ್ತಾರೆ. ಆಮ್ಲಜನಕದ ಉಗ್ರ ರೂಪಗಳು ಉಕ್ಕುತ್ತವೆ, ಕೋಶ ಕುಸಿಯುತ್ತದೆ.

ಆದರೆ ಈ ಸಾವಿಗೆ ಎಲ್ಲೆಯಿರಬೇಕು. ಎಲೆಯೆಲ್ಲ ಸತ್ತರೆ ಕಾಳು ಕಟ್ಟುವುದೆಲ್ಲಿಂದ? ಸಾಸಿವೆಯ ಬಳಗದ ಅರಬಿಡೊಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ 'ಎಲ್‌ಎಸ್‌ಡಿ 1' ಎಂಬ ಜೀನು ಕೆಟ್ಟರೆ, ಒಮ್ಮೆ ಶುರುವಾದ ಕೋಶಮರಣ ನಿಲ್ಲದೆ ಎಲೆಯುದ್ದಕ್ಕೂ ಹರಡುವುದನ್ನು 1994ರಲ್ಲಿ ಕಂಡುಕೊಂಡರು. ಆ ಜೀನು ಒಂದು ಕಡಿವಾಣ. ಸ್ಯಾಲಿಸಿಲಿಕ್ ಆಮ್ಲದ ಸಂದೇಶ ತಲುಪಿದ ನೆರೆಯ ಕೋಶಗಳಲ್ಲಿ 'ಎನ್‌ಪಿಆರ್ 1' ಎಂಬ ಪ್ರೋಟೀನು ರಕ್ಷಣೆಯನ್ನು ಸಜ್ಜುಗೊಳಿಸುವುದರ ಜೊತೆಗೆ ಅವುಗಳನ್ನು ಸಾಯದಂತೆ ಕಾಯುತ್ತದೆಂದು 2020ರ ಸಂಶೋಧನೆ ತೋರಿಸಿದೆ. ಹವೆಯೂ ಇದರಲ್ಲಿ ಕೈಯಾಡಿಸುತ್ತದೆ. ಗೋಧಿಯ 'ಎಸ್‌ಆರ್ 6' ಬಿಸಿ ಏರಿದಂತೆ ಸೋಲುತ್ತದೆ. ಖಪ್ಲಿಯ 'ಎಸ್‌ಆರ್ 13' ಬಿಸಿಯಲ್ಲಿಯೇ ಹೆಚ್ಚು ಚುರುಕು.

ಒಂದಿಷ್ಟು ಕೋಶಗಳು ಸತ್ತು ಗಿಡವನ್ನು ಉಳಿಸುತ್ತವೆ ಎಂದೊಡನೆ ಜಾನಪದದ ಓದುಗರಿಗೆ 'ಕೆರೆಗೆ ಹಾರ'ದ ಭಾಗೀರಥಿ ನೆನಪಾಗುವುದು ಸಹಜ. ಈ ಹೋಲಿಕೆ ಹೆಚ್ಚು ದೂರ ಬಾರದು ಎಂಬುದು ನನ್ನ ಅಭಿಪ್ರಾಯ. ಆ ಕಥನಗೀತೆಯಲ್ಲಿ ಬಲಿಯ ತೀರ್ಮಾನ ಮಾಡುವವರು ಮನೆಯ ಹಿರಿಯರು, ಸಾಯುವವಳು ಕಿರಿಯ ಸೊಸೆ. ಗಿಡದಲ್ಲಿ ಆಯ್ಕೆ ಮಾಡುವ ಹಿರಿಯರಿಲ್ಲ. ಸಾಯುವ ಕೋಶವೇ ವೈರಿಯನ್ನು ಗುರುತಿಸಿ ತನ್ನ ಸಲಕರಣೆಯಿಂದಲೇ ಸಾಯುತ್ತದೆ. ಅದಕ್ಕೆ ತ್ಯಾಗದ ಬಣ್ಣ ಹಚ್ಚಿದರೆ ಹಾಡಿನೊಳಗಿನ ಅನ್ಯಾಯವೂ ಮರೆಯಾಗುತ್ತದೆ, ವಿಜ್ಞಾನವೂ ಮಸುಕಾಗುತ್ತದೆ.

ಸಾವು ಎಲ್ಲ ರೋಗಗಳಿಗೂ ಮದ್ದಲ್ಲ ಎಂಬುದಕ್ಕೆ ಎರೆಹೊಲದ ಬಿಳಿಜೋಳವೇ ಸಾಕ್ಷಿ. ಕಾಳು ತುಂಬುವ ಹೊತ್ತಿಗೆ ತೇವ ಸಾಲದೆ ಹೋದರೆ, ಮಣ್ಣಿನಲ್ಲಿರುವ ಶಿಲೀಂಧ್ರವೊಂದು ದಂಟಿನ ಬುಡವನ್ನು ಒಳಗಿನಿಂದ ಕಪ್ಪಾಗಿಸಿ ಜೋಳವನ್ನು ಕೆಡವುತ್ತದೆ. ಈ ಶಿಲೀಂಧ್ರಕ್ಕೆ ಬೇಕಾದದ್ದು ಸತ್ತ ಅಂಗಾಂಶ. ಇಲ್ಲಿ ಕೋಶಗಳು ಬೇಗ ಸಾಯುವುದು ವೈರಿಗೆ ಊಟ ಬಡಿಸಿದಂತೆ. ಕೊನೆಯವರೆಗೂ ಎಲೆಯ ಹಸಿರನ್ನು ಉಳಿಸಿಕೊಳ್ಳುವ ತಳಿಗಳೇ ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ. 1940ರ ದಶಕದಲ್ಲಿ ಅಮೆರಿಕದ ಓಟ್ಸ್ ಬೆಳೆಯಲ್ಲಿ ಇದೇ ಪೆಟ್ಟು ಬಿತ್ತು. ತುಕ್ಕನ್ನು ತಡೆಯಲು 'ವಿಕ್ಟೋರಿಯಾ' ತಳಿಯ ನಿರೋಧಕ ಗುಣವನ್ನು ಎಲ್ಲೆಡೆ ಸೇರಿಸಿದಾಗ, ಆ ಗುಣವನ್ನೇ ಕೆಣಕಿ ಕೋಶಗಳನ್ನು ಕೊಲ್ಲಿಸುವ ಬೇರೊಂದು ಶಿಲೀಂಧ್ರ ಬೆಳೆಯನ್ನು ಹಾಳುಮಾಡಿತು.

ನೀರಾವರಿ, ಅಧಿಕ ಇಳುವರಿಯ ತಳಿಗಳು ಬಂದ ಮೇಲೆ ಜವೆಗೋಧಿಯ ಹಳೆಯ ನಾಟಿ ಬೀಜಗಳು ಹೊಲದಿಂದ ಹಿಂದೆ ಸರಿದಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ 'ಡಿಡಿಕೆ' ತಳಿಗಳು ಈ ಧಾನ್ಯವನ್ನು ಉಳಿಸಿರುವುದು ನಿಜ. ಆದರೆ ಒಂದೊಂದು ನಾಟಿ ಬೀಜದಲ್ಲಿರಬಹುದಾದ ಕಾವಲುಗಾರರ ಬಳಗವನ್ನು ಒಂದೆರಡು ತಳಿಗಳು ತುಂಬಲಾರವು. ಬೀಜದೊಂದಿಗೆ ಅದರ ರೋಗದ ಮಾತುಗಳೂ ಹೋಗುತ್ತವೆ. ಕೃಷಿ ಪದಗಳನ್ನು ಸಂಗ್ರಹಿಸುವ ನಾವು 'ಭಂಡಾರ' ಎಂದು ಬರೆದುಕೊಂಡು ಮುಂದೆ ಸಾಗುವುದೇ ಹೆಚ್ಚು. ಯಾವ ಬೀಜದ ಎಲೆಯಲ್ಲಿ ಕೈಗೆ ಹತ್ತುವ ಹುಡಿಯಿತ್ತು, ಯಾವುದರಲ್ಲಿ ಹುಡಿಯಿಲ್ಲದ ಒಣಚುಕ್ಕೆ ಮಾತ್ರ ಇತ್ತು, ಅದನ್ನು ಹಿರಿಯರು ಏನೆಂದು ಕರೆದರು ಎಂಬ ಮೂರು ವಿವರಗಳನ್ನು ಬೀಜದ ಹೆಸರಿನೊಂದಿಗೆ ದಾಖಲಿಸಿದರೆ, ಆ ಪಟ್ಟಿಯು ತಳಿವಿಜ್ಞಾನಿಗಳಿಗೂ ಉಪಯುಕ್ತವಾದೀತು.